ಗಗನವೀರನ ಮತ್ತೊಂದು ಸುತ್ತು

ಜಮಖಂಡಿಯಿಂದ ಮುಧೋಳದ ತನಕ, ಬೀಳಗಿಯಿಂದ ರಬಕವಿ ತನಕ ಹುಡುಕಿದ್ರೂ ನನ್ನಷ್ಟು ವಿಮಾನ ಇಳಿಸಿದ ಮನಷ್ಯಾ ಇನ್ನೊಬ್ಬ ಸಿಗೂದಿಲ್ರಿ. ಖರೆ ಹೇಳ್ತೇನಿ. ಮಳಿಯಾಗ ಇಳಿಸೇನಿ, ಮಂಜಿನ್ಯಾಗ ಇಳಿಸೇನಿ, ಒಂದ ಇಂಜಿನ್ ಬಂದ್ ಬಿದ್ದಾಗ ಸೈತ ಇಳಿಸೇನಿ. ಎಲ್ಲಾ ಇಳಿಸಿದ್ದು ಬನಹಟ್ಟಿಯ ನಮ್ಮ ಮನಿ ಪಡಸಾಲಿಯೊಳಗ, ಪ್ಲಾಸ್ಟಿಕ್ ಕುರ್ಚಿ ಮ್ಯಾಲ ಕುಂತು, ಮೊಬೈಲ್ ಕೈಯಾಗ ಹಿಡದು. ಇದೊಂದು ಸಣ್ಣ ಮಾತು ಬಿಟ್ರ ನನ್ನ ಅನುಭವಕ್ಕ ಏನೂ ಕೊರತಿ ಇರಲಿಲ್ಲ.

ನಂದು ಎಂಟು ಪವರ್‌ಲೂಮ್ ಅದಾವ. ಮುಂಜಾನಿಂದ ಸಂಜಿತನಕ ಖಟಾ ಖಟಾ ಸಪ್ಪಳದಾಗ ಇದ್ದು ಇದ್ದು ನನಗ ಮೆಲ್ಲಗ ಮಾತಾಡಾಕ ಬರೂದಿಲ್ಲ. ಜೋರಾಗಿ ಮಾತಾಡೋ ಮನಷ್ಯಾನ್ನ ಕಂಡ್ರ ಮಂದಿ, ಇವಗ ಭಾಳ ಗೊತ್ತದ ಅಂತ ತಿಳಕೋತಾರ. ಹಿಂಗ ತಿಳಕೊಂಡವ್ರಾಗ ಮೊದಲನೇದವ ನಾನ.

ಐದಾರು ವರ್ಷದ ಹಿಂದ ಮೊಬೈಲಿನ್ಯಾಗ ಒಂದು ಗುಂಪು ಸೇರಿದ್ನಿ. ವಿಮಾನದ ಬಗ್ಗೆ ಕನ್ನಡದಾಗ ಚರ್ಚಾ ಮಾಡೋ ಗುಂಪು. ಅದರಾಗ ಪೈಲಟ್ ಇದ್ರು, ಇಂಜಿನಿಯರ್ ಇದ್ರು, ಎರಡೂ ಅಲ್ಲದ ನನ್ನಂಥವ್ರು ಎಲ್ಲಾರಕಿಂತ ಹೆಚ್ಚು ಇದ್ರು. ಅಲ್ಲಿ ನನ್ನ ಹೆಸರು ಗಗನವೀರ. ಫೋಟೋದ ಜಾಗಾದಾಗ ಗ್ವಾಡಿ ಮ್ಯಾಲಿನ ಕ್ಯಾಲೆಂಡರಿನ ಹದ್ದು. ಎಲ್ಲೆರೆ ವಿಮಾನ ಸ್ವಲ್ಪ ಜಿಗದು ಇಳದ ವಿಡಿಯೋ ಬಂತಂದ್ರ ಸಾಕು, ಗಗನವೀರ ಹಾಜರು. ಹಿಂಗ ಮಾಡಬೇಕಿತ್ತು, ಹಂಗ ಮಾಡಬೇಕಿತ್ತು, ಈ ಪೈಲಟ್‌ಗ ಯಾರು ಕಲಿಸ್ಯಾರ ಅಂತ ಬರದು, ಒಂದು ಕಪ್ ಚಾ ಕುಡದು, ಎಷ್ಟು ಮಂದಿ ಹೆಬ್ಬಟ್ಟು ಎತ್ಯಾರ ಅಂತ ಎಣಿಸ್ತಿದ್ನಿ.

ಖರೆ ಪೈಲಟ್ ಬರಿಯೂ ಚೆಂದನ ಬ್ಯಾರೆ ಇತ್ತು. ಅವ್ರು ಬರಿಯೂದು ಕಡಿಮಿ. ಬರದ್ರೂ “ಇರಬಹುದು”, “ಆ ಹೊತ್ತಿನ ಗಾಳಿ ಹೇಗಿತ್ತೋ ನೋಡದೆ ಹೇಳೋದು ಕಷ್ಟ” ಅಂತ ಮುಗಿಸ್ತಿದ್ರು. ಇವ್ರಿಗೆ ಏನೂ ಗೊತ್ತಿಲ್ಲ, ಅದಕ್ಕ ನುಣುಚಿಕೋತಾರ ಅಂತ ನಾ ತಿಳದಿದ್ನಿ. ತಲಿ ಪೂರಾ ಬೆಳ್ಳಗಾದ ಒಬ್ಬ ಕ್ಯಾಪ್ಟನ್ ಸಾಹೇಬ್ರು ಇದ್ರು, ಮೈಸೂರ ಕಡೆಯವ್ರು. ಒಮ್ಮೆ ನನಗ ಭಾಳ ನಯದಿಂದ “ನೀವು ಹೇಳಿದ್ದರಲ್ಲಿ ಒಂದು ವಿಚಾರ ಬಿಟ್ಟುಹೋಗಿದೆ ಅನ್ಸುತ್ತೆ” ಅಂತ ಬರದ್ರು. ನಾ ಅವ್ರಿಗೆ “ಮೊದಲು ಪುಸ್ತಕ ಓದಿಕೊಂಡು ಬನ್ನಿ” ಅಂತ ಬರದ್ನಿ. ನಲವತ್ತು ವರ್ಷ ಮಗ್ಗಾ ನಡಿಸಿದವಗ ಯಾರರೆ ಲಾಳಿ ಅಂದ್ರೇನು ಅಂತ ಕಲಿಸಿದಂಗಾತು. ಈಗ ನೆನಸಿಕೊಂಡ್ರ ಮುಖ ಎಲ್ಲಿ ಇಡಲಿ ಅನಸ್ತೈತಿ.

ಹಂಗಂತ ಪೈಲಟ್ ಮಂದಿ ಎಲ್ಲಾರೂ ಸಂತರು ಅಂತ ಅಲ್ರಿ. ಕಲತು ಹೊರಗ ಬಂದು ಒಂದು ವರ್ಷ ಆಗಿದ್ದ ಒಬ್ಬ ಹುಡುಗ ಇದ್ದ. ಫೋಟೋದಾಗ ಊಟಕ್ಕ ಕುಂತಾಗೂ ಕಪ್ಪ ಕನ್ನಡಕ ತಗೀತಿರಲಿಲ್ಲ. ಅವಗೂ ನನಗೂ ಭಾಳ ಜೋಡಿ. ನಮ್ಮ ಕಡೆ ಸೊಕ್ಕು ಬ್ಯಾರೆ, ಧಿಮಾಕು ಬ್ಯಾರೆ. ಇದ್ದವ್ರಿಗೆ ಬರೂದು ಸೊಕ್ಕು, ಇಲ್ಲದವ್ರು ತಂದು ಇಟಗೊಳ್ಳೂದು ಧಿಮಾಕು. ಅವಂದು ಸೊಕ್ಕು, ನಂದು ಧಿಮಾಕು. ಎರಡೂ ಕೂಡಿ ಇಡೀ ಗುಂಪನ್ನ ಆಳ್ತಿದ್ವಿ.

ಒಂದಿನ ಹುಬ್ಬಳ್ಳಿಯಾಗ ಯಾರೋ ವಿಮಾನದ ಒಳಗ ಕುಂತು ತಗದ ವಿಡಿಯೋ ಬಂತು. ಇನ್ನೇನು ನೆಲಕ್ಕ ಗಾಲಿ ಮುಟ್ಟಬೇಕು, ಅಷ್ಟರಾಗ ವಿಮಾನ ಗರ್ಜಿಸಿ ಮತ್ತ ಮ್ಯಾಲಕ್ಕ ಎದ್ದು ಒಂದು ಸುತ್ತು ಹೊಡದು ಬಂದು ಆಮ್ಯಾಲ ಇಳೀತು. ಒಳಗಿನ ಮಂದಿ ದೇವರ ಹೆಸರು ಕೂಗೂದು ಕೇಳಿಸ್ತಿತ್ತು. ನನಗ ಹಬ್ಬ ಆತು. “ಆಕಾಶ ತಿಳಿ ಐತಿ, ಬಿಸಲು ಬಿದ್ದೈತಿ, ಆದ್ರೂ ಎರಡು ಸಲ ಬೇಕಾತು! ನಮ್ಮ ಸಮೀರವಾಡಿ ಕಡೆ ಟ್ರ್ಯಾಕ್ಟರ್ ಡ್ರೈವರ್ ಎರಡು ಟ್ರ್ಯಾಲಿ ಕಬ್ಬು ಹೇರಕೊಂಡು ಒಂದ ಏಟಿಗೆ ರಿವರ್ಸ್ ಹೊಡೀತಾನ. ಇವ್ರಿಗೆ ಲೈಸೆನ್ಸ್ ಯಾರು ಕೊಟ್ರು?” ಅಂತ ಬರದ್ನಿ. ನಾ ಬರದದ್ದರಾಗ ಅದರಷ್ಟು ಹೆಸರು ಮಾಡಿದ್ದು ಯಾವುದೂ ಇಲ್ಲ. ನಗೋ ಮುಖದ ಚಿತ್ರ ಸಾಲು ಸಾಲು ಬಂದ್ವು. ನಮ್ಮಾಕಿಗೂ ಓದಿ ತೋರಿಸಿದ್ನಿ. ಆಕಿ ಶೇಂಗಾ ಹುರಿಯೂದು ಬಿಡದ “ವಿಮಾನ ಇಳಿಸೂದು ಇರ್ಲಿ, ಮೊದಲ ನೀವು ಕೆಳಗ ಇಳೀರಿ” ಅಂದ್ಲು. ಹೆಂಗಸ್ರಿಗೆ ಏನು ತಿಳಿತೈತಿ ಅಂತ ಮತ್ತ ಹೆಬ್ಬಟ್ಟು ಎಣಿಸಾಕ ಕುಂತ್ನಿ.

ಅಲ್ಲಿಂದ ಒಂದು ತಿಂಗಳಕ್ಕ ರೇಖಾ ಊರಿಗೆ ಬಂದ್ಲು. ರೇಖಾ ಅಂದ್ರ ಮುಧೋಳದಾಗ ಇರೋ ನಮ್ಮ ಅಕ್ಕನ ಮಗಳು. ವಿಮಾನದ ಕೋ-ಪೈಲಟ್. ನಮ್ಮ ಮನಿತನದಾಗ ಮೊದಲು ಹಾರಿದಾಕಿ, ಕ್ಯಾಪ್ಟನ್ ಆಗಾಕ ಒಂದ ಪರೀಕ್ಷಾ ಬಾಕಿ ಇತ್ತು. ಊಟಕ್ಕ ಅಂತ ನಮ್ಮ ಮನಿಗೆ ಕರದಿದ್ವಿ. ಹೋಳಿಗಿ ಮಾಡಿದ್ರ ನಾಕು ತಿಂದು ಐದನೇದಕ್ಕ ಕೈ ಚಾಚೋ ಹುಡುಗಿ, ಅವತ್ತು ಅರ್ಧಾ ತಿಂದು ತಾಟಿನ್ಯಾಗ ಬೆರಳಾಡಿಸಿಕೋತ ಕುಂತ್ಲು.

“ಮಾಮಾ, ಅವ್ವಗ ಹೇಳಬ್ಯಾಡ್ರಿ. ನಾ ಫೇಲ್ ಆಗೇನಿ,” ಅಂದ್ಲು.

ಕ್ಯಾಪ್ಟನ್ ಆಗೂ ಮೊದಲ ಒಂದು ಕೋಣಿಯೊಳಗಿನ ನಕಲಿ ವಿಮಾನದಾಗ ಪರೀಕ್ಷಾ ಇರತೈತಿ. ಖರೆ ವಿಮಾನದ್ಹಂಗ ಅಲುಗಾಡ್ತೈತಿ, ಪರೀಕ್ಷಾ ಮಾಡೋ ಸಾಹೇಬ್ರು ಹಿಂದ ಕುಂತು ಮಳಿ ಗಾಳಿ ಬಿಡ್ತಾರ. ಅದರಾಗ ಇಳಿಸೂ ಹೊತ್ತಿನ್ಯಾಗ ಈಕಿ ಸ್ವಲ್ಪ ಎತ್ತರ ಇದ್ಲಂತ, ಸ್ವಲ್ಪ ಜೋರು ಇದ್ಲಂತ. ಮ್ಯಾಲಕ್ಕ ಎತ್ತಿ ಮತ್ತೊಂದು ಸುತ್ತು ಹೊಡೀಬೇಕಾಗಿತ್ತು. ಹೊಡೀಲಿಲ್ಲ, ಇಳಿಸಿ ಬಿಟ್ಲು.

“ಇಳೀತಲ್ಲ ಮತ್ತ?” ಅಂದ್ನಿ ನಾ.

“ಇಳೀತು ಮಾಮಾ. ಅದಕ್ಕ ಫೇಲ್ ಮಾಡಿದ್ರು. ಇನ್ನ ಮೂರು ವಾರಕ್ಕ ಇನ್ನೊಂದು ಅವಕಾಶ ಐತಿ. ಅದೂ ಹೋದ್ರ ಕ್ಯಾಪ್ಟನ್ ಆಗೂದು ಎಷ್ಟು ವರ್ಷ ಹಿಂದ ಬೀಳ್ತೈತೋ ಏನೋ.”

“ಅಲ್ಲ, ಗೊತ್ತಿದ್ದೂ ಗೊತ್ತಿದ್ದೂ ಯಾಕ ಸುತ್ತು ಹೊಡೀಲಿಲ್ಲ?”

ಆಕಿ ಮೊಬೈಲ್ ತಗದು ನನ್ನ ಮುಂದ ಹಿಡದ್ಲು. “ಹೋದ ತಿಂಗಳ ಹುಬ್ಬಳ್ಳಿಯಾಗ ಸುತ್ತು ಹೊಡದಾಕಿ ನಾನ. ಇಳಿಯೂ ಹೊತ್ತಿಗೆ ಅಡ್ಡ ಗಾಳಿ ಒಮ್ಮಿಂದೊಮ್ಮೆಲೆ ಎತ್ತಿ ಒಗೀತು, ಮ್ಯಾಲ ಎದ್ನಿ. ನಾ ಬರೇ ಓದೋ ಒಂದು ವಿಮಾನದ ಗುಂಪಿನ್ಯಾಗ ಅದಕ್ಕ ಮಂದಿ ಏನು ಬರದಾರ ನೋಡ್ರಿ. ಪರೀಕ್ಷಾದಾಗ ವಿಮಾನ ಮ್ಯಾಲ ಎತ್ತಬೇಕು ಅನ್ನೂದರಾಗ ಈ ಕಬ್ಬಿನ ಟ್ರ್ಯಾಕ್ಟರ್ ಕಣ್ಣ ಮುಂದ ಬಂತು ಮಾಮಾ. ಇನ್ನೊಮ್ಮೆ ಮಂದಿ ಮುಂದ ನಗಿಪಾಟಲಾ ಯಾಕ ಆಗಲಿ ಅಂತ ಇಳಿಸಿಬಿಟ್ನಿ.”

ಮೊಬೈಲಿನ್ಯಾಗಿಂದ ನನ್ನ ಹದ್ದು ನನ್ನ ನೋಡಾಕತ್ತಿತ್ತು. ನಮ್ಮಾಕಿ ಬಾಗಲದಾಗ ನಿಂತು ನನ್ನ ಮುಖಾ ನೋಡಿ, ನನಗ ಬಡಸಾಕ ತಂದಿದ್ದ ಹೋಳಿಗಿ ತಿರಗಿ ಒಳಗ ಒಯ್ದ್ಲು.

ಊಟಾ ಬಿಟ್ಟೆದ್ದು ರೇಖಾ ಗಂಗವ್ವತ್ತಿ ಹಂತೇಕ ಹೋಗಿ ಕುಂತ್ಲು. ಗಂಗವ್ವತ್ತಿ ನಮ್ಮಪ್ಪನ ತಂಗಿ. ಮನ್ಯಾಗ ಎಂಟು ಪವರ್‌ಲೂಮ್ ಇದ್ರೂ ಆಕಿ ಮಾತ್ರ ಮುಂದಿನ ಖೋಲಿಯೊಳಗ ತನ್ನ ಕುಣಿಮಗ್ಗಾ ಬಿಟ್ಟಿಲ್ಲ. ನೆಲದಾಗ ತೋಡಿದ ಕುಣಿಯಾಗ ಕಾಲ ಇಳಿಬಿಟಗೊಂಡು ಇವತ್ತಿಗೂ ಸೀರಿ ನೇಯ್ತಾಳ. ಅವತ್ತು ಮಾತಾಡಿಕೋತ ಮಾತಾಡಿಕೋತ ಗಪ್ಪನ ಕೈ ನಿಲ್ಲಿಸಿದ್ಲು.

“ತಡಿಯವ್ವಾ, ಹಿಂದ ಒಂದ ಎಳಿ ತಪ್ಪೇತಿ,” ಅಂದು ನೇಯ್ದ ಬಟ್ಟಿ ಬಿಚ್ಚಾಕ ಶುರು ಮಾಡಿದ್ಲು. ನಾಕು ಬೆರಳ ಅಗಲದ ಬಟ್ಟಿ. ಒಂದೊಂದ ಎಳಿ ಹಿಂದಕ್ಕ ತಗೀಬೇಕು.

“ಅತ್ತಿ, ಬಿಡ. ಉಟ್ಟಾಗ ನಿರಿಗ್ಯಾಗ ಹೋಗಿಬಿಡ್ತೈತಿ. ಯಾರು ನೋಡ್ತಾರ?” ಅಂದ್ನಿ. ಬಾಯಿ ಸುಮ್ಮನಿರಬೇಕಲ್ರಿ.

“ಯಾರೂ ನೋಡೂದಿಲ್ಲ. ನಾ ನೋಡೇನಲ್ಲ,” ಅಂದ್ಲು ಅತ್ತಿ. “ಬಿಚ್ಚಾಕ ನಾಚಿಕೋ ಹೆಂಗಸು ಕುಣಿಯಾಗ ಕಾಲರೆ ಯಾಕ ಇಡಬೇಕು?”

“ಆಯಿ, ಹಿಂಗ ಬಿಚ್ಚಿಕೋತ ಕುಂತ್ರ ಇವತ್ತಿನ ಕೆಲಸ ಹಿಂದ ಬೀಳೂದಿಲ್ಲೇನು?” ಅಂತ ರೇಖಾ ಕೇಳಿದ್ಲು.

“ಬೀಳ್ತೈತಿ. ಬೀಳ್ಲಿ ತಗೋ.”

ಬೀದಿ ಬಾಗಲ ತೆರದಿತ್ತು. ಹೋಗೂ ಬರೂ ಮಂದಿ ನಿಂತು “ಏನ ಗಂಗವ್ವಾ, ಬಿಚ್ಚಾಕತ್ತೀ?” ಅಂತ ಕೇಳ್ತಿದ್ರು. “ಹೂಂ, ತಪ್ಪೇತಿ, ಬಿಚ್ಚಾಕತ್ತೇನಿ,” ಅಂತ ಆಕಿ, ಅಡಗಿ ಏನು ಅಂತ ಕೇಳಿದ್ರ ಹೇಳಿದಂಗ, ಹೇಳ್ತಿದ್ಲು. ರೇಖಾ ಒಂದು ತಾಸು ಕುಂತು ನೋಡಿದ್ಲು. ನಾನೂ ನೋಡಿದ್ನಿ. ನಮ್ಮ ಪವರ್‌ಲೂಮ್ ಮಂದಿಗೆ ಮುಂದ ಓಡೂದು ಅಷ್ಟ ಗೊತ್ತು.

ಗಲಗಲಿಗೆ ಹೋದಾಗ ಹೊಳಿ ದಂಡಿ ಮ್ಯಾಲ ಹದ್ದು ನೋಡಿದ್ದು ಆಗ ನೆನಪಾತು. ಮೀನ ಹಿಡ್ಯಾಕ ಸರ್ರಂತ ಇಳಿತೈತಿ, ಅಂದಾಜು ತಪ್ಪಿತು ಅನಿಸಿದ್ರ ನೀರು ಮುಟ್ಟದ ಮ್ಯಾಲ ಎದ್ದು ಇನ್ನೊಂದು ಸುತ್ತು ತಿರಗತೈತಿ. ಮ್ಯಾಲಿನ ಬ್ಯಾರೆ ಹದ್ದು ನಗೂದಿಲ್ಲ. ಖರೆ ಹದ್ದಿಗೆ ಇರೋ ತಿಳವಳಿಕಿ ಕ್ಯಾಲೆಂಡರಿನ ಹದ್ದಿಗೆ ಇರಲಿಲ್ಲ.

ಸಂಜಿಮುಂದ ಆಕಿನ್ನ ಬಸ್ ಸ್ಟ್ಯಾಂಡಿಗೆ ಬಿಡಾಕ ಹೋದಾಗ ಹೇಳಿಬಿಟ್ನಿ. “ರೇಖಾ, ಆ ಗಗನವೀರ ನಾನ ಬೇ.”

ಹುಡುಗಿ ನಿಂತಲ್ಲೇ ನಿಂತ್ಲು. ನನ್ನ ಮುಖಾ ನೋಡಿದ್ಲು. ಮುಧೋಳದ ಬಸ್ ಬಂತು, ಹತ್ತಿದ್ಲು, ಕಿಡಕ್ಯಾಗಿಂದ ಸೈತ ಈ ಕಡೆ ತಿರಗಲಿಲ್ಲ. ಎರಡು ದಿನ ಫೋನ್ ಮಾಡಿದ್ನಿ, ಎತ್ತಲಿಲ್ಲ. ಸಣ್ಣಾಕಿ ಇದ್ದಾಗ ನನ್ನ ಹೆಗಲ ಮ್ಯಾಲ ಕುಂತು ಆಕಾಶದಾಗಿನ ಬಿಳಿ ಗೆರಿ ತೋರಿಸಿದಾಕಿ. ಆ ಗೆರಿ ವಿಮಾನದ್ದು ಅಂತ ಮೊದಲು ಹೇಳಿಕೊಟ್ಟವ ನಾನ. ಹಾರಾಕ ಕಲಿಸಿದ ಬಾಯಿಲೇ ರೆಕ್ಕಿ ಕತ್ತರಿಸಿದ್ನಿ ಅಂತ ಭಾಳ ಸಂಕಟಾತು.

ಮೂರನೇ ದಿನ ಮುಂಜಾನಿ ಜಳಕಾ ಮಾಡಿ, ಅದ ಪ್ಲಾಸ್ಟಿಕ್ ಕುರ್ಚಿ ಮ್ಯಾಲ ಕುಂತು ನನ್ನ ಎಳಿ ಬಿಚ್ಚಾಕ ಶುರು ಮಾಡಿದ್ನಿ. ಮೊದಲ ಹದ್ದು ತಗದು ನನ್ನ ಸ್ವಂತ ಫೋಟೋ ಹಾಕಿದ್ನಿ, ಮಗ್ಗದ ಮುಂದ ನಿಂತಿದ್ದು. ಗಗನವೀರ ಅನ್ನೂದು ಅಳಿಸಿ ಅಪ್ಪ ಇಟ್ಟ ಹೆಸರು ಬರದ್ನಿ. ಆಮ್ಯಾಲ ಹಿಂಗ ಬರದ್ನಿ: “ನಾನು ಬನಹಟ್ಟಿಯ ನೇಕಾರ. ಇವತ್ತಿನ ತನಕ ವಿಮಾನ ಹತ್ತಿಲ್ಲ, ಹಾರಿಸೂದು ದೂರ ಉಳೀತು. ಹುಬ್ಬಳ್ಳಿಯಾಗ ಸುತ್ತು ಹೊಡದ ಪೈಲಟ್ ಬಗ್ಗೆ ನಾ ಬರದದ್ದು ತಪ್ಪು. ತಪ್ಪು ಕಂಡಾಗ ಬಿಚ್ಚಿ ಮತ್ತ ನೇಯೂದು ಶಾಣೇರ ಲಕ್ಷಣ ಅಂತ ನಮ್ಮತ್ತಿಗೆ ಗೊತ್ತಿತ್ತು, ನನಗ ಗೊತ್ತಿರಲಿಲ್ಲ. ಮಾಫ್ ಮಾಡ್ರಿ.”

ಮೊದಲ ಬಂದದ್ದು ನಗುನ. “ಗಗನವೀರ ಲೂಮಿನವನಾ!” ಅಂತ ಒಬ್ಬ, “ಇಷ್ಟು ದಿನ ನಮಗೆ ಪಾಠ ಹೇಳಿದ್ದು ಇವರಾ?” ಅಂತ ಇನ್ನೊಬ್ಬ. ಬರ್ಲಿ ತಗೋ ಅಂತ ಕುಂತ್ನಿ. ಮಧ್ಯಾಹ್ನಕ್ಕ ಬೆಳ್ಳಿ ತಲಿಯ ಕ್ಯಾಪ್ಟನ್ ಸಾಹೇಬ್ರು ಬರದ್ರು: “ಹೋದ ವಾರ ನಾನೂ ಒಂದು ಸುತ್ತು ಹೊಡೆದೆ ಸ್ವಾಮಿ. ಇಳಿಯೋವಾಗ ಪ್ರಯಾಣಿಕರೊಬ್ಬರು ಸಿಟ್ಟಿಗೆ ನನ್ನ ಮುಖ ಕೂಡ ನೋಡಲಿಲ್ಲ.” ಅವ್ರ ಕೆಳಗ ಇನ್ನೊಬ್ಬ ಪೈಲಟ್, ತಾನು ಒಂದ ದಿನ ಎರಡು ಸಲ ಹೊಡದಿದ್ನಿ ಅಂತ. ಇನ್ನೊಬ್ರು, ಹೊಡೀಬೇಕಿತ್ತು, ಹೊಡೀಲಿಲ್ಲ, ಇವತ್ತಿಗೂ ಅದನ್ನ ನೆನಸಿ ಬೆವರ್ತೇನಿ ಅಂತ. ವರ್ಷಗಟ್ಟಲೆ ಬಾಯಿ ಬಿಡದ ಮಂದಿ ಸಂಜಿ ಅನ್ನೂದರಾಗ ತಮ್ಮ ತಪ್ಪು ಹೇಳಾಕ ಪಾಳಿ ಹಚ್ಚಿದ್ರು. ಕಪ್ಪ ಕನ್ನಡಕದ ಹುಡುಗನೂ ಕಡೀಕ “ನಾನೂ” ಅಂತ ಒಂದ ಶಬ್ದ ಬರದ. ಮರದಿನ ಅವನ ಫೋಟೋದಾಗ ಕಣ್ಣು ಕಂಡ್ವು. ಛಲೋ ಕಣ್ಣು ಅದಾವ ಹುಡುಗಂದು.

ಎಲ್ಲಾರ ಕೆಳಗ ಕ್ಯಾಪ್ಟನ್ ಸಾಹೇಬ್ರು ಮತ್ತೊಮ್ಮೆ ಬರದಿದ್ರು: “ಹುಬ್ಬಳ್ಳಿಯಲ್ಲಿ ಅವತ್ತು ಸುತ್ತು ಹೊಡೆದವರು ಯಾರೇ ಇರಲಿ, ಅವರ ವಿಮಾನದಲ್ಲಿ ನನ್ನ ಮೊಮ್ಮಕ್ಕಳನ್ನ ಧೈರ್ಯವಾಗಿ ಕಳಿಸ್ತೀನಿ.”

ಫೋನ್ ಬಂತು. ರೇಖಾ. “ಮಾಮಾ, ಎಲ್ಲಾ ಓದಿದ್ನಿ,” ಅಂದ್ಲು. ದನಿ ಹಸಿ ಇತ್ತು. “ಆದ್ರ ಆ ಕಬ್ಬಿನ ಟ್ರ್ಯಾಕ್ಟರಿಗೆ ಮಾತ್ರ ಮಾಫಿ ಇಲ್ಲ ನೋಡ್ರಿ,” ಅಂದು ನಕ್ಕಳು. ಆ ನಗು ಕೇಳಿ ನಾ ಅತ್ತಬಿಟ್ನಿ. ಇದನ್ನ ನಮ್ಮಾಕಿ ಊರೆಲ್ಲಾ ಹೇಳ್ಯಾಳ, ಅದಕ್ಕ ನಾನ ಹೇಳಿಬಿಡ್ತೇನಿ.

ಪರೀಕ್ಷಾದ ದಿನ ಲೂಮಿನ ಸಪ್ಪಳದಾಗ ಫೋನ್ ಕಿವಿಗೆ ಒತ್ತಿಕೊಂಡು ನಿಂತಿದ್ನಿ. “ಮಾಮಾ, ಸಾಹೇಬ್ರು ಕಡೀಕ ಗಾಳಿ ಬಿಟ್ರು. ಮ್ಯಾಲ ಎದ್ನಿ, ಮತ್ತೊಂದು ಸುತ್ತು ಹೊಡದ್ನಿ. ಪಾಸ್!” ಅಂದ್ಲು. ನಾ ಓಡಿ ಹೋಗಿ ಎಂಟೂ ಲೂಮ್ ಬಂದ್ ಮಾಡಿಬಿಟ್ನಿ. ನಮ್ಮ ಓಣಿಯೊಳಗ ಹಗಲಹೊತ್ತು ಲೂಮ್ ನಿಂತ್ವು ಅಂದ್ರ ಆ ಮನ್ಯಾಗ ಯಾರೋ ಹೋದ್ರು ಅಂತ ಅರ್ಥ. ಮಂದಿ ಟಾವೆಲ್ ಹೆಗಲಿಗೆ ಹಾಕ್ಕೊಂಡು ಓಡಿ ಬಂದ್ರು, ಒಬ್ಬಾಕಿ ಅಳಾಕೂ ಶುರು ಮಾಡಿದ್ಲು. “ಯಾರು ಹೋದ್ರೋ?” ಅಂದ್ರ, “ಗಗನವೀರ ಹೋದ! ನಮ್ಮ ರೇಖಾ ಕ್ಯಾಪ್ಟನ್ ಆದ್ಲು!” ಅಂತ ಒದರಿದ್ನಿ. ಬಂದವ್ರಿಗೆಲ್ಲಾ ಪೇಡೆ ತಿನ್ನಿಸಿದ್ವಿ. ಅಳಾಕತ್ತಾಕಿ ಎರಡು ತಿಂದ್ಲು.

ಮೊನ್ನೆ ನಾನೂ ಗಂಗವ್ವತ್ತಿಯೂ ಕ್ಯಾಪ್ಟನ್ ರೇಖಾನ ವಿಮಾನದಾಗ ಬೆಂಗಳೂರಿಂದ ಹುಬ್ಬಳ್ಳಿಗೆ ಬಂದ್ವಿ. ಅತ್ತಿ ತಾನ ನೇಯ್ದ ಸೀರಿ ಉಟಗೊಂಡು ಕಿಡಕಿ ಹಂತೇಕ ಕುಂತಿದ್ಲು. ನೆಲಾ ಇನ್ನೇನು ಬಂತು ಅನ್ನೂದರಾಗ ವಿಮಾನ ಗರ್ಜಿಸಿ ಮ್ಯಾಲಕ್ಕ ಎದ್ದಬಿಡ್ತು. ನೂರಾರು ವಿಮಾನ ಇಳಿಸಿದವ ನಾನು, ಮುಂದಿನ ಸೀಟು ಗಟ್ಟಿ ಹಿಡಕೊಂಡು ಕುಲದೇವರನ್ನ ನೆನಸಿದ್ನಿ. ಆ ಕಡೆ ಸೀಟಿನವ್ರು ಸಿಟ್ಟಿಗೆದ್ದು, “ಏನ್ರೀ ಇದು, ಇವ್ರಿಗೆ ಲೈಸೆನ್ಸ್ ಯಾರು ಕೊಟ್ರು?” ಅಂದ್ರು.

ಅತ್ತಿ ಇಡೀ ವಿಮಾನಕ್ಕ ಕೇಳೂಹಂಗ ಕೇಳಿದ್ಲು, “ಯಾಕೋ, ಎಳಿ ತಪ್ಪಿತೇನು?”

“ಹೂಂ ಅತ್ತಿ.”

“ಬಿಚ್ಚಾಕತ್ತಾಳೇನು?”

“ಬಿಚ್ಚಾಕತ್ತಾಳ.”

“ಶಾಣ್ಯಾಕಿ,” ಅಂದು ಅತ್ತಿ ತೊಡಿ ಮ್ಯಾಲ ಕೈ ಇಟಗೊಂಡು ಕೆಳಗಿನ ಹೊಲಾ ನೋಡಿಕೋತ ಕುಂತ್ಲು. ಮತ್ತೊಂದು ಸುತ್ತು ತಿರಗಿ ಬಂದು ವಿಮಾನ ಎಣ್ಣಿ ಹಚ್ಚಿದಂಗ ಇಳೀತು. ನಾ ನನ್ನ ಲೂಮಿನ ದನಿಯಾಗ, “ಆಕಿ ನಮ್ಮ ಅಕ್ಕನ ಮಗಳ್ರೀ!” ಅಂತ ಕೂಗಿ ಚಪ್ಪಾಳಿ ಹೊಡದ್ನಿ. ಮೊದಲ ಒಬ್ಬನ, ಆಮ್ಯಾಲ ಇಡೀ ವಿಮಾನ.

ಆ ಕಡೆ ಸೀಟಿನವ್ರು ನಾಚಿ, “ನಿಮಗ ವಿಮಾನದ ಬಗ್ಗೆ ಭಾಳ ಗೊತ್ತಿದ್ದಂಗ ಕಾಣತೈತ್ರಿ,” ಅಂದ್ರು.

ಇಷ್ಟು ವರ್ಷ ಯಾವ ಮಾತಿಗೆ ಬಾಯಿ ಬಾಯಿ ಬಿಡ್ತಿದ್ನೋ ಅದ ಮಾತು. ಎದಿ ಉಬ್ಬಿಸಿ ಹೇಳಿದ್ನಿ, “ಏನೂ ಗೊತ್ತಿಲ್ರಿ. ಮಗ್ಗದ ಬಗ್ಗೆ ಈಗೀಗ ಸ್ವಲ್ಪ ತಿಳಿಯಾಕತ್ತೈತಿ.”