ದಕ್ಷಿಣ ಧ್ರುವಕ್ಕೆ ಹೊರಟ ಮಶಾಕಸಾಬನ ಕಿವಿ

ನಮ್ಮ ಶಲವಡಿಯಲ್ಲಿ ಇಂಜಿನ್ ಕೆಟ್ಟರೆ ಮಶಾಕಸಾಬನೇ ಬರಬೇಕು. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತನೆಂದರೆ ಒಳಗಿನ ಬೇನೆ ಅವನಿಗೆ ತಿಳಿಯುತ್ತಿತ್ತು. ಎರಡು ವರ್ಷದಿಂದ ಆ ಹಿಡಿ ಬಲಗಿವಿ ಬಿಟ್ಟು ಎಡಗಿವಿಗೆ ಹೋಗಿತ್ತು. ಪಕ್ಕದ ಮನೆಯ ನಾನು ಅದನ್ನು ನೋಡಿದ್ದೆ. ಮೂವತ್ತು ವರ್ಷ ಶಾಲೆಯ ಮಾಸ್ತರನಾಗಿ ಮಕ್ಕಳ ಕಳ್ಳಾಟ ಹಿಡಿದವನು ನಾನು, ನೋಡಿಯೂ ಸುಮ್ಮನಿದ್ದೆ.

ಇಂಥವನನ್ನು ದಕ್ಷಿಣ ಧ್ರುವ ಪ್ರದೇಶದ ಹಿಮದಲ್ಲಿರುವ ಸಂಶೋಧನಾ ಕೇಂದ್ರವೊಂದರಲ್ಲಿ ಜನರೇಟರ್ ನೋಡಿಕೊಳ್ಳಲು ಆರಿಸಿದರು. ಆರೋಗ್ಯದ ಫಾರ್ಮು ತುಂಬಿ ಕಳಿಸುವುದಷ್ಟೇ ಉಳಿದಿತ್ತು. ಅದನ್ನು ಹಿಡಿದುಕೊಂಡು ನನ್ನ ಕಟ್ಟೆಗೆ ಬಂದ. ಜೊತೆಗಿದ್ದ ಇಂಗ್ಲಿಷ್ ಸೂಚನೆಗಳನ್ನು ಕನ್ನಡದಲ್ಲಿ ಹೇಳುತ್ತ ಹೋದಂತೆ ನನಗೇ ಹೆದರಿಕೆಯಾಯಿತು. ಚಳಿಗಾಲದ ಎಂಟು ತಿಂಗಳು ಹಡಗಿಲ್ಲ, ವಿಮಾನವಿಲ್ಲ. ಎರಡು ತಿಂಗಳು ಸೂರ್ಯನೇ ಇಲ್ಲ. ಬೆಳಕು, ನೀರು, ಕೋಣೆಯ ಬಿಸಿ ಎಲ್ಲವೂ ಜನರೇಟರಿನಿಂದ.

"ಅದು ನಿಂತ್ರ?" ಅಂದೆ.

"ನಿಲ್ಲಾಕ ಬಿಡಬಾರದ್ರಿ ಮಾಸ್ತರ," ಅಂದ. ಅವನಿಗೂ ಹೆದರಿಕೆ ಹತ್ತಿತ್ತು.

ಕಿವಿಯ ದೋಷ ಉಂಟೇ ಎಂಬ ಕಾಲಂ ಬಂತು.

"ಇಲ್ಲಂತ ಬರೀರಿ."

ನನ್ನ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ಬರೆದೆ.

ಅವನ ತಾಯಿ ರಜಿಯಾಬಿಗೆ ದೂರದ ಪಯಣವೆಂದರೆ ಹಜ್ ಯಾತ್ರೆಯೊಂದೇ ಗೊತ್ತು. ಹಜ್‌ಗೆ ಹೊರಟವರು ಮನೆಮನೆಗೆ ಹೋಗಿ ಮಾಫಿ ಕೇಳುವಂತೆ ಮಗನೂ ಕೇಳಬೇಕೆಂದು ಹಟ ಹಿಡಿದಳು. "ಹೋದಾಂವ ತಿರುಗಿ ಬರ್ತೀಯೋ ಇಲ್ಲೋ, ಅಲ್ಲಾಗ ಗೊತ್ತು. ಏನೂ ಬಾಕಿ ಇಟ್ಟ ಹೋಗಬ್ಯಾಡ," ಎಂದು ಕಣ್ಣು ಒರೆಸಿಕೊಂಡಳು.

"ನೀವೂ ಬರ್ರಿ ಮಾಸ್ತರ, ಒಬ್ಬಾಂವ ಹೋಗಾಕ ಅಂಜಿಕಿ ಬರ್ತೈತಿ," ಅಂದ ಮಶಾಕ.

"ಹಿಮಕ್ಕ ಹೊಂಟಾಂವ ನಮ್ಮ ಓಣಿಗೆ ಅಂಜತೀಯೇನಲೇ?" ಎಂದು ನಾನು ನಕ್ಕೆ. ಅವನು ನಗಲಿಲ್ಲ.

"ಆಡಿದ್ದು ಮಾಡಿದ್ದು ಏನಿದ್ರೂ ಮಾಫ್ ಮಾಡ್ರಿ," ಎಂದು ಪ್ರತಿ ಹೊಸ್ತಿಲಲ್ಲೂ ಕೈ ಮುಗಿದ. ಎಲ್ಲ ಕಡೆ ಚಹಾ ಆಯಿತು. ಓಣಿಯ ಮೈಲಾರವ್ವ ಖಡಕ್ ರೊಟ್ಟಿಯ ಗಂಟನ್ನೇ ಕೊಟ್ಟು, "ಥಂಡ್ಯಾಗ ವರ್ಷಗಟ್ಟಲೆ ಕೆಡೂದಿಲ್ಲ, ಒಯ್ಯಪಾ," ಅಂದಳು.

ಕೊನೆಗೆ ಉಳಿದದ್ದು ಲಕ್ಷ್ಮಣಪ್ಪನ ಹಿಟ್ಟಿನ ಗಿರಣಿ. ಎರಡು ವರ್ಷದ ಹಿಂದೆ ಮಶಾಕ ಅಲ್ಲಿನ ಡೀಸೆಲ್ ಇಂಜಿನ್ ನೋಡಿ ಬರೋಬ್ಬರಿ ಐತಿ ಅಂದಿದ್ದ. ಮರುದಿನವೇ ಒಳಗಿನ ರಾಡು ಮುರಿದು ಸಿಡಿದು, ಲಕ್ಷ್ಮಣಪ್ಪನ ಬಲಗೈಯ ಎರಡು ಬೆರಳು ಹೋದವು. ಬಿಡಿಭಾಗ ಡುಪ್ಲಿಕೇಟ್ ಇತ್ತು ಎಂದು ಮಶಾಕ ಊರಿಗೆಲ್ಲ ಹೇಳಿದ್ದ. ಊರು ನಂಬಿತ್ತು.

ಇಲ್ಲಿ ಅವನಿಗೆ ಮಾತು ಅರ್ಧಕ್ಕೇ ನಿಂತಿತು. ಹಿಟ್ಟು ಮೆತ್ತಿದ ಆ ಮೂರು ಬೆರಳಿನ ಕೈಯನ್ನೇ ನೋಡುತ್ತ ಅಂದ.

"ಕಾಕಾ, ಮಾಲು ಡುಪ್ಲಿಕೇಟ್ ಇರಲಿಲ್ರಿ. ಇಂಜಿನ್ ಮೊದಲಽ ಒಳಗ ಬಡಕೊಳ್ಳಾಕತ್ತಿರಬೇಕು. ನನಗ ಕೇಳಲಿಲ್ಲ. ಬಲಗಿವಿ ಹೋಗೇತಿ. ಎಡಗಿವೀನೂ ಹೊಂಟೈತಿ."

ನನಗೆ ಆ ಫಾರ್ಮು ನೆನಪಾಯಿತು.

ಲಕ್ಷ್ಮಣಪ್ಪ ಧೋತರಕ್ಕೆ ಕೈ ಒರೆಸಿಕೊಂಡ. "ನನ್ನ ಬೆರಳಿಂದು ಮಾಫ್ ಮಾಡೇನಿ, ಹೋಗು. ಅಲ್ಲೆ ಎಷ್ಟ ಮಂದಿ ಇರ್ತಾರ?"

"ಇಪ್ಪತ್ನಾಕು ಮಂದಿ ರೀ."

"ಅವರ ಮಾಫೀನೂ ಈಗಽ ಕೇಳು. ಆಮ್ಯಾಲೆ ಕೇಳೂಣು ಅಂದ್ರ ಅವರು ಇರೂದಿಲ್ಲ."

ಇಬ್ಬರೂ ವಾಪಸು ನಡೆದೆವು. ಕಟ್ಟೆಗೆ ಬಂದು ಕೂತವನು, "ಆ ಕಾಲಂ ತಿದ್ದರಿ," ಅಂದ. ಇನ್ನೂ ಕಳಿಸಿರದ ಫಾರ್ಮು ತೆಗೆದು 'ಇಲ್ಲ' ಎಂಬುದನ್ನು ಹೊಡೆದು 'ಇದೆ' ಎಂದು ಬರೆದೆ. ಇನ್ನು ಅಲ್ಲಿಂದ ಕರೆ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ರೊಟ್ಟಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಅವನು ಅತ್ತ. ಇದ್ದ ಎಡಗಿವಿಯೂ ಹೋದರೆ ಊರಲ್ಲಿ ಯಾವ ಇಂಜಿನ್ ತನ್ನ ಕೈಗೆ ಕೊಟ್ಟಾರು ಎಂಬ ಹೊಸ ಹೆದರಿಕೆ ಅವನನ್ನು ಹಿಡಿದಿತ್ತು.

"ನೀ ಕಿವಿ ಬದಲಿಸಿದ್ದು ನಾನೂ ನೋಡಿದ್ದೆ ಮಶಾಕ. ನೋಡಿದ್ರೂ ಫಾರ್ಮಿನ್ಯಾಗ 'ಇಲ್ಲ' ಅಂತ ಬರದೆ. ನನಗೂ ಮಾಫ್ ಮಾಡು," ಎಂದು ಮೆಲ್ಲಗೆ ಅಂದೆ.

ಅವನ ಬಲಬದಿಗೆ ಕೂತಿದ್ದೆ.

"ಏನಂದ್ರಿ?" ಎಂದು ಅವನು ತಲೆ ಹೊರಳಿಸಿ ಎಡಗಿವಿಯನ್ನು ನನ್ನ ಕಡೆ ಮಾಡಿದ. ನಾನು ಇನ್ನೊಮ್ಮೆ, ಓಣಿಗೆಲ್ಲ ಕೇಳುವಷ್ಟು ಜೋರಾಗಿ ಮಾಫಿ ಕೇಳಿದೆ.