ಸೂಜಿಗೊಂದು ಆಯುಧಪೂಜೆ

ಹೊಸಪೇಟೆಯ ಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು ಸೂಜಿ ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ ಎಂದರೆ ನನ್ನ ವಿದ್ಯಾರ್ಥಿಗಳು ನಂಬಲಿಕ್ಕಿಲ್ಲ. ಅವರ ಮುಂದೆ ನಾನು ಹುಲಿ. ಆದರೆ ನನಗಿರುವುದು ದೀರ್ಘಕಾಲದ ಲ್ಯುಕೇಮಿಯಾ, ರಕ್ತದ ಬಿಳಿಕಣಗಳು ಲಂಗುಲಗಾಮಿಲ್ಲದೆ ಹೆಚ್ಚುವ ಕಾಯಿಲೆ. ಹೆಸರು ಕೇಳಿದವರು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ನಾನಂತೂ ದಿನಕ್ಕೊಂದು ಮಾತ್ರೆ ನುಂಗಿ ನಾಲ್ಕು ವರ್ಷ ಗಟ್ಟಿಯಾಗಿ ಪಾಠ ಮಾಡಿದ್ದೆ.

ಮಗು ಬೇಕು ಎಂದಾಗ ತೊಡಕಾಯಿತು. ಆ ಮಾತ್ರೆ ಹೊಟ್ಟೆಯಲ್ಲಿರುವ ಕೂಸಿಗೆ ಆಗಿಬರುವುದಿಲ್ಲ. ಬಳ್ಳಾರಿಯ ಡಾಕ್ಟರಮ್ಮ ನನ್ನ ರಿಪೋರ್ಟುಗಳು ಚೆನ್ನಾಗಿದ್ದ ಕಾಲ ನೋಡಿ, ಮಾತ್ರೆ ನಿಲ್ಲಿಸಿ, ಇಂಟರ್‌ಫೆರಾನ್ ಎಂಬ ಇಂಜೆಕ್ಷನ್ ಶುರು ಮಾಡಿದರು. ವಾರಕ್ಕೆ ಮೂರು ಸಂಜೆ ನಾನೇ ಚುಚ್ಚಿಕೊಳ್ಳಬೇಕು, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. ಕಾಯಿಲೆ ಮತ್ತೆ ತಲೆ ಎತ್ತಿದರೆ ನನಗೂ ಅಪಾಯ, ಕೂಸಿಗೂ ಅಪಾಯ ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಅಲ್ಲಿನ ಸಿಸ್ಟರ್ ಒಂದು ಮೋಸಂಬಿ ಕೊಟ್ಟು ನನಗೆ ಚುಚ್ಚುವುದನ್ನು ಕಲಿಸಿದರು. "ಕೈ ತೊಳ್ಕೊರಿ ಮೊದಲ. ಒಂದಿನ ಎಡತೊಡಿ, ಒಂದಿನ ಬಲತೊಡಿ. ಔಷಧ ಅಲುಗಾಡಿಸಬ್ಯಾಡ್ರಿ. ಫ್ರಿಜ್ಜಿನ ನಡುವಿನ ಅರ್ಯಾಗ ಇಡ್ರಿ, ಮ್ಯಾಲಿನ ಬರ್ಫದಾಗ ಬ್ಯಾಡ. ಚುಚ್ಚಿದ ಸೂಜಿ ಗಟ್ಟಿ ಡಬ್ಬ್ಯಾಗ ಹಾಕಿ ನಮಗ ವಾಪಸ್ ತಂದು ಕೊಡ್ರಿ." ಮೊದಲ ವಾರಗಳಲ್ಲಿ ಚುಚ್ಚಿಕೊಂಡ ರಾತ್ರಿ ಚಳಿಜ್ವರ ಬರುತ್ತಿತ್ತು. ಹೊಸಪೇಟೆಯ ಬಿಸಿಲುಗಾಲದಲ್ಲಿ ನಾನು ಎರಡು ಕಂಬಳಿ ಹೊದ್ದು ಮಲಗಿದರೆ, ಯಶವಂತನಗರದ ಗಣಿ ಕೆಲಸ ಮುಗಿಸಿ ಬಂದ ನನ್ನ ಗಂಡ ಫ್ಯಾನಿನ ಕೆಳಗೆ ಬೆವರುತ್ತ, "ನಿನಗ ಊಟಿ, ನನಗ ಬಳ್ಳಾರಿ. ಒಂದ ಮನ್ಯಾಗ ಎರಡೂರು ನೋಡು" ಎನ್ನುತ್ತಿದ್ದರು. ಆ ಚಳಿಯಲ್ಲೂ ನಗು ಬರುತ್ತಿತ್ತು.

ಗರ್ಭ ನಿಂತು ನಾಲ್ಕನೇ ತಿಂಗಳಿಗೆ ಮಹಾನವಮಿ ಬಂತು. ಕಂಪ್ಲಿಯಲ್ಲಿ ಅತ್ತೆಯ ಮನೆ, ಪಕ್ಕದಲ್ಲೇ ಅವರದೇ ಅಕ್ಕಿ ಗಿರಣಿ. ನಾಲ್ಕು ಸಿರಿಂಜುಗಳ ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ, ಐಸ್ ಡಬ್ಬಿಯಲ್ಲಿಟ್ಟು ಒಯ್ದು, ಅತ್ತೆಯ ಫ್ರಿಜ್ಜಿನಲ್ಲಿ ಇಟ್ಟೆ. ಅತ್ತೆಗೆ ನನ್ನ ಕಾಯಿಲೆಯ ಬಗ್ಗೆ ಎಲ್ಲ ಗೊತ್ತಿತ್ತು. ಆದರೂ ಅವರಿಗೆ ಬೇಕಿದ್ದುದು ಮೊಮ್ಮಗು, ನಾನು ಬರೀ ಅದರ ಚೀಲ ಎಂಬ ಹುಳ ನನ್ನ ತಲೆಯಲ್ಲಿ ಕೊರೆಯುತ್ತಿತ್ತು.

ಹಬ್ಬದ ದಿನ ಮಧ್ಯಾಹ್ನ ಊಟ ಮುಗಿಸಿ ಗಿರಣಿಗೆ ಪೂಜೆ ನೋಡಲು ಹೋದೆ. ಯಂತ್ರದ ಬೆಲ್ಟಿಗೆ ಚೆಂಡುಹೂವು, ತಕ್ಕಡಿಗೆ ಕುಂಕುಮ, ಬೈಕಿಗೆ ಬಾಳೆಕಂದು. ಅವುಗಳ ನಡುವೆ, ತಗಡಿನ ಸೂರಿನ ಧಗೆಯಲ್ಲಿ, ಮೂರು ಬೆರಳ ವಿಭೂತಿ ಬಳಿಸಿಕೊಂಡು, ತಲೆಯ ಮೇಲೊಂದು ದಾಸವಾಳ ಇಟ್ಟುಕೊಂಡು ಕೂತಿತ್ತು ನನ್ನ ಇಂಜೆಕ್ಷನ್ ಪೆಟ್ಟಿಗೆ!

"ಅಯ್ಯಯ್ಯೋ ಅತ್ತೀ! ಇದನ್ಯಾರು ಹೊರಗ ತಂದ್ರು?"

"ನಾನ ತಂದೆ, ಮುಂಜಾನಿ" ಎಂದರು ಅತ್ತೆ ಹೆಮ್ಮೆಯಿಂದ. "ಕುಡಗೋಲಿಗೆ ಪೂಜಿ ಆತು, ಗಿರಣಿಗೆ ಆತು. ಈ ವರ್ಷ ನಮ್ಮ ಮನಿ ಕಾಯೋದು ಈ ಸೂಜಿ. ಅದಕ್ಕೊಂದು ಕಾಯಿ ಒಡೀಬ್ಯಾಡೇನು?" ನಾನು ಕೈ ಚಾಚಿದರೆ ತಡೆದರು. "ಮುಟ್ಟಬ್ಯಾಡ! ಪೂಜಿಗಿಟ್ಟ ಆಯುಧ ನಾಳಿ ತನಕ ಎತ್ತಂಗಿಲ್ಲ."

ನನ್ನ ಸಿಟ್ಟು ನೆತ್ತಿಗೇರಿತು. "ನಿಮಗ ಮೊಮ್ಮಗಂದು ಒಂದ ಚಿಂತಿ! ನಾ ಇದ್ರೇನು ಸತ್ರೇನು!" ಎಂದುಬಿಟ್ಟೆ. ಅತ್ತೆ ದಾಸವಾಳ ತೆಗೆದು, ಪೆಟ್ಟಿಗೆಯನ್ನು ಸೆರಗಿನಿಂದ ಒರೆಸಿ, ನನ್ನ ಕೈಗಿಟ್ಟರು.

ಅವತ್ತೇ ಸಂಜೆ ಚುಚ್ಚಿಕೊಳ್ಳುವ ಸರದಿ. ಮುಟ್ಟಿ ನೋಡಿದರೆ ಪೆಟ್ಟಿಗೆ ಬೆಚ್ಚಗಿತ್ತು. ಒಳಗಿನ ಔಷಧ ಎಂದಿನಂತೆ ತಿಳಿಯಾಗಿಯೇ ಕಾಣುತ್ತಿದ್ದರಿಂದ, ಚುಚ್ಚಿಕೊಂಡರೇನಾದೀತು ಎಂಬ ಆಸೆಯೂ ಹುಟ್ಟಿತು. ಪುಣ್ಯಕ್ಕೆ ಮೊದಲು ಸಿಸ್ಟರ್‌ಗೆ ಫೋನ್ ಮಾಡಿದೆ. ಹಬ್ಬದ ದಿನವೂ ಡ್ಯೂಟಿಯಲ್ಲಿದ್ದ ಅವರು ಪೂಜೆಯ ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕರು. ನಗು ಮುಗಿದ ಮೇಲೆ ಡಾಕ್ಟರಮ್ಮನನ್ನು ಕೇಳಿ ಹೇಳಿದರು: "ಅದನ್ನ ಬಳಸಬ್ಯಾಡ್ರಿ, ಕಣ್ಣಿಗೆ ಚಲೋ ಕಂಡ್ರೂ ಕೆಟ್ಟಿರತೈತಿ. ಹೊಸಾದು ಕೊಡತೀವಿ, ನಾಳಿ ತಗೊರಿ. ನಿಮಗ ಒಂದಿನ ತಡ ಆದ್ರ ನಡೀತದ ಅಂದಾರ ಮೇಡಮ್ಮು. ಆದರ ತಪ್ಪಿತಂತ ಎರಡು ಒಮ್ಮೆಲೆ ಚುಚ್ಕೋಬ್ಯಾಡ್ರಿ ಮತ್ತ."

ಮರುದಿನ ನಸುಕಿನಲ್ಲೇ ಐಸ್ ಡಬ್ಬಿ ಹಿಡಿದು ನನ್ನ ಗಂಡ ಬಳ್ಳಾರಿಗೆ ಹೊರಟರು. ಹೊಸ ಔಷಧ ಬಂತು, ಸಂಜೆ ಚುಚ್ಚಿಕೊಂಡೆ. ಅತ್ತೆ ಬಾಗಿಲಲ್ಲೇ ನಿಂತಿದ್ದರು, ಒಳಗೆ ಬರಲಿಲ್ಲ. ನಾನೂ ಬರ್ರಿ ಎನ್ನಲಿಲ್ಲ. ನನ್ನ ಮಾತು ಹೆಚ್ಚಾಗಿತ್ತು ಎಂದು ಗೊತ್ತಿದ್ದೂ, ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ. ಆಮೇಲಿನ ತಿಂಗಳುಗಳಲ್ಲಿ ಫೋನ್ ಮಾಡಿದಾಗಲೆಲ್ಲ ಅವರು ಕೇಳುತ್ತಿದ್ದುದು ಒಂದೇ: "ಉಂಡ್ಯಾ?"

ಫಾಲ್ಗುಣದಲ್ಲಿ ಹೆರಿಗೆಯಾಯಿತು. ಅತ್ತೆ ಕಂಪ್ಲಿಯಿಂದ ಸಿಕ್ಕ ಬಸ್ಸು ಹತ್ತಿ ಬಳ್ಳಾರಿಗೆ ಓಡಿಬಂದರು. ಸಿಸ್ಟರ್ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಅವರ ಕೈಗಿಟ್ಟರು. ಅತ್ತೆ ಅದನ್ನು ಎದೆಗವಚಿಕೊಂಡು, ಮುಖ ಕೂಡ ನೋಡದೆ, ನೇರ ನನ್ನ ಮಂಚದ ಹತ್ತಿರ ಬಂದರು.

"ಯವ್ವಾ, ನಿನ್ನ ರಕ್ತದ ರಿಪೋರ್ಟು ಏನ್ ಬಂತು?"

"ಚಲೋ ಬಂದೈತ್ರಿ, ಅತ್ತಿ. ಕಾಯಿಲೆ ತಲಿ ಎತ್ತಿಲ್ಲ."

"ಖರೇನ?"

"ಖರೇನ್ರಿ."

ಅವರು ಸ್ಟೂಲಿನ ಮೇಲೆ ಧೊಪ್ಪನೆ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಸಿಸ್ಟರ್ ಕಡೆ ತಿರುಗಿ ಕೇಳಿದರು, "ಇದು ಹೆಣ್ಣೋ, ಗಂಡೋ?"