ಕಾದಂಬರಿಯ ಬೆನ್ನಿಗೆ ತಲೆಬುರುಡೆ

2006ರ ಜುಲೈ 17, ಸೋಮವಾರ, ಬೆಳಿಗ್ಗೆ ಹತ್ತೂಕಾಲು. ಬಿ.ಎ. ಎರಡನೇ ವರ್ಷದಲ್ಲಿದ್ದ ನಾನು ಹಾವೇರಿಯಿಂದ ರಾಣೆಬೆನ್ನೂರಿನ ಪ್ರೆಸ್ಸಿಗೆ ಬಂದು ನನ್ನ ಮೊದಲ ಕಾದಂಬರಿಯ ಕಟ್ಟು ಬಿಚ್ಚಿದೆ. ಹಾರುವ ಮೀನುಗಳ ರಾಜ್ಯದ ಕಥೆ, ಹೈಸ್ಕೂಲು ಮಕ್ಕಳಿಗೆಂದೇ ಬರೆದದ್ದು. ಪುಸ್ತಕದ ಹಿಂಬದಿ ತಿರುಗಿಸಿದೆ. ನನ್ನ ಪರಿಚಯ ಇರಬೇಕಾದಲ್ಲಿ ಕೆಂಪು ತಲೆಬುರುಡೆ, ಅದರ ಕೆಳಗೆ 'ವಿಷ ಲೇಪಿಸಿದೆ. ಮಕ್ಕಳಿಂದ ದೂರವಿಡಿ' ಎಂಬ ಸಾಲು! ಆ ಪ್ರೆಸ್ಸಿನಲ್ಲಿ ಹೆಚ್ಚಾಗಿ ಅಚ್ಚಾಗುವುದು ಕೀಟನಾಶಕ ಲೇಪಿಸಿದ ಬಿತ್ತನೆ ಬೀಜದ ಪೊಟ್ಟಣಗಳು. ಅವುಗಳ ಅಚ್ಚಿನ ಪ್ಲೇಟೇ ನನ್ನ ರಕ್ಷಾಪುಟಕ್ಕೂ ಬಿದ್ದಿತ್ತು.

"ಅಳಬ್ಯಾಡ ತಂಗಿ, ಮ್ಯಾಲ ಚೀಟಿ ಹಚ್ಚಿ ಕೊಡತೇನಿ," ಎಂದರು ಮಾಲೀಕರು. "ಆದ್ರ ಬ್ಯಾಡಗಿ ಸಾಲಿಗೆ ಇಪ್ಪತ್ತು ಪ್ರತಿ ಮುಂಜಾನೆ ಬಸ್ಸಿಗೇ ಹೋಗ್ಯಾವು."

ಮಕ್ಕಳು ಇನ್ನು ಪುಸ್ತಕ ಮುಟ್ಟುವುದಿಲ್ಲ ಎಂಬ ಭಯದಲ್ಲೇ ಬ್ಯಾಡಗಿ ಬಸ್ಸು ಹತ್ತಿದೆ. ಅಲ್ಲಿನ ಶಾಲೆಯ ಕಪಾಟಿನಲ್ಲಿ ಒಂದೂ ಉಳಿದಿರಲಿಲ್ಲ. ತಪ್ಪಿನ ಮೇಲೆ ಚೀಟಿ ಹಚ್ಚಿಸುವುದಾಗಿ ಮಾಸ್ತರಿಗೆ ಹೇಳಿದೆ.

"ದೂರ ಇಡ್ರಿ ಅಂತ ಬರದೀರಲ್ಲ, ಅದಕ್ಕ ಕಸ್ಕೊಂಡು ಹೋದ್ರು," ಎಂದು ಮಾಸ್ತರು ನಕ್ಕರು. "ಚೀಟಿ ಹಚ್ಚೀರಿ ಮತ್ತ, ಯಾರೂ ಮುಟ್ಟಂಗಿಲ್ಲ!"

ನನಗೆ ನಗು ಬರಲಿಲ್ಲ. ಅವರು ಒಯ್ದದ್ದು ತಲೆಬುರುಡೆಯನ್ನೋ ಕಥೆಯನ್ನೋ? ಆ ಇಪ್ಪತ್ತರಲ್ಲಿ ಒಂದೂ ಶಾಲೆಗೆ ಮರಳಲಿಲ್ಲ. ಅವುಗಳಲ್ಲಿ ಒಂದನ್ನಾದರೂ ಕೊನೆಯ ಪುಟದವರೆಗೆ ಓದಿದವರಿದ್ದರೆ ನನಗೊಂದು ಸಾಲು ಬರೆಯಿರಿ. ಚೆನ್ನಾಗಿರಲಿಲ್ಲ ಎಂದಾದರೂ ಸರಿ.